ಹೆದರಿದ ನಾಯಿಗೊಂದು ಹನಿ ಸುಗಂಧ

ದೀಪಾವಳಿಯನ್ನು ಬೆಳಕಿನ ಹಬ್ಬವೆಂದು ಕರೆದವನು ಮನುಷ್ಯ. ನಾಯಿಗೆ ಮಾತು ಬರುವಂತಿದ್ದರೆ ಅದು ಈ ವ್ಯಾಖ್ಯಾನವನ್ನು ಖಂಡಿತ ಒಪ್ಪುತ್ತಿರಲಿಲ್ಲ. ಅದರ ಪಾಲಿಗೆ ಇದು ಸದ್ದಿನ ಹಬ್ಬ. ಅದೂ ಯಾವ ದಿಕ್ಕಿನಿಂದ, ಯಾವ ಗಳಿಗೆಯಲ್ಲಿ, ಯಾವ ಅಪರಾಧಕ್ಕಾಗಿ ಬಂದೆರಗುವುದೋ ತಿಳಿಯದ ಸದ್ದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಿದರೆ, ನಾಯಿಯ ಕಿವಿ ಸುಮಾರು 45,000ದವರೆಗೂ ಗ್ರಹಿಸುತ್ತದೆ. ಬೀದಿಯ ಹುಡುಗರಿಗೆ ಒಂದು ಪಟಾಕಿಯಾದದ್ದು ಮಂಚದ ಕೆಳಗಿನ ಜೀವಕ್ಕೆ ಪ್ರಳಯವಾದರೆ ಆಶ್ಚರ್ಯವೇನು?

ಇದನ್ನು ಹೇಡಿತನವೆಂದು ಹಳಿಯುವವರು ಆತಕೂರಿನ ಶಾಸನವನ್ನು ನೆನೆಯಬೇಕು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ತನ್ನ ಒಡೆಯನಾದ ಗಂಗರ ಬೂತುಗನಿಂದ ಬೇಡಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕ್ರಿ.ಶ. 949–50ರಲ್ಲಿ ಕಲ್ಲು ನೆಟ್ಟರು. ಕನ್ನಡನಾಡು ನಾಯಿಯ ಧೈರ್ಯಕ್ಕೆ ಶಾಸನ ಬರೆಸಿದ ನಾಡು. ಹಾಗಿರುವಾಗ ಅದರ ಭಯಕ್ಕೂ ಒಂದಿಷ್ಟು ಮರ್ಯಾದೆ ಸಲ್ಲಬೇಡವೇ? ಹಂದಿ ಕಣ್ಣಿಗೆ ಕಾಣುವ ಶತ್ರು. ಅದರ ಮೇಲೆ ಬೀಳಬಹುದು. ಆಕಾಶದಲ್ಲಿ ಸಿಡಿಯುವ ಸದ್ದಿನ ಮೇಲೆ ಯಾವ ಕಾಳಿ ತಾನೇ ಬಿದ್ದಾಳು!

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರ ಮನೆ. ಅಲ್ಲಿಯ ಮೋತಿಗೆ ಹನ್ನೊಂದು ವರ್ಷ. ಮಕ್ಕಳು ಊರೂರು ಸೇರಿದ ಮೇಲೆ ಆ ದಂಪತಿಗಳ ಮಾತಿಗೆ ಕಿವಿಗೊಡುವ ಮೂರನೆಯ ಪ್ರಾಣಿಯೆಂದರೆ ಅದೊಂದೇ. ಹಿಂದಿನ ವರ್ಷ ನರಕ ಚತುರ್ದಶಿಯ ಬೆಳಗಿನ ಜಾವ ಅದು ಹಗ್ಗ ಹರಿದುಕೊಂಡು ಓಡಿತ್ತು. ಸಿಕ್ಕಿದ್ದು ಮಾರನೆಯ ದಿನ, ಎರಡು ಮೈಲಿ ಆಚೆಯ ಮೋರಿಯಲ್ಲಿ, ಕಾಲು ಕುಂಟುತ್ತ. ಆ ಒಂದೂವರೆ ದಿನ ಮನೆಯಲ್ಲಿ ಒಲೆ ಉರಿಯಲಿಲ್ಲ. ಈ ಬಾರಿ ಹಬ್ಬ ಇನ್ನೂ ಮೂರು ವಾರ ದೂರವಿರುವಾಗಲೇ ಪೋಸ್ಟ್‌ಮಾಸ್ಟರರಿಗೆ ನಿದ್ರೆ ಹಾರಿತು. ಬೆಂಗಳೂರಿನಿಂದ ಬಂದ ಮೊಮ್ಮಗಳು ಲ್ಯಾವೆಂಡರ್ ತೈಲದ ಕಿರುಸೀಸೆಯೊಂದನ್ನು ತಂದುಕೊಟ್ಟು, “ತಾತ, ಇದರ ವಾಸನೆಗೆ ನಾಯಿಗಳು ಶಾಂತವಾಗುತ್ತವಂತೆ” ಎಂದಳು.

“ಅದಕ್ಕೇಕೆ ಇಷ್ಟು ದುಡ್ಡು? ಏನೂಂದ್ರೆ, ನಿಮ್ಮ ಎದೆಗೆ ಹಚ್ಚೋ ನೀಲಗಿರಿ ಎಣ್ಣೇನೇ ಇದೆಯಲ್ಲ, ಅದನ್ನೇ ಒಂದಿಷ್ಟು ತಿಕ್ಕಿ” ಎಂದು ಮನೆಯಾಕೆ ಸಲಹೆಯಿತ್ತರು. ಪೋಸ್ಟ್‌ಮಾಸ್ಟರರು ಹಾಗೆಯೇ ಮಾಡುವವರಿದ್ದರು. ಆದರೆ ಸರ್ಕಾರಿ ನೌಕರಿಯ ಅಭ್ಯಾಸಬಲ. ಮೇಲಿನವರನ್ನು ಕೇಳದೆ ಕಾಗದ ಮುಂದಕ್ಕೆ ಕಳುಹಿಸಿದವರಲ್ಲ. ಎರಡು ಸೀಸೆಗಳನ್ನೂ ಚೀಲಕ್ಕೆ ಹಾಕಿಕೊಂಡು ಪಶುವೈದ್ಯರ ಬಳಿಗೆ ನಡೆದರು.

ವೈದ್ಯರು ನೀಲಗಿರಿ ಎಣ್ಣೆಯನ್ನು ನೋಡಿ ಮೆಲ್ಲನೆ ನಕ್ಕರು. “ಸ್ವಾಮಿ, ನಿಮ್ಮ ಎದೆಯನ್ನು ನೀವು ನೆಕ್ಕಿಕೊಳ್ಳುವುದಿಲ್ಲ. ಮೋತಿ ನೆಕ್ಕಿಕೊಳ್ಳುತ್ತದೆ.”

ಇಡೀ ಶಾಸ್ತ್ರದ ಅರ್ಧ ಆ ಒಂದು ಮಾತಿನಲ್ಲಿತ್ತು. ಹೂವು, ಎಲೆ, ತೊಗಟೆಗಳಿಂದ ಭಟ್ಟಿಯಿಳಿಸಿದ ಸುಗಂಧ ತೈಲವು ಗಿಡದ ಗುಣವನ್ನು ಹನಿಯೊಳಗೆ ಹಿಂಡಿಟ್ಟ ವಸ್ತು. ಅದು ಚರ್ಮದ ಮೂಲಕವೂ ಒಳಸೇರುತ್ತದೆ, ನಾಲಗೆಯ ಮೂಲಕ ಇನ್ನೂ ಬೇಗ. ಚಿಗಟ ಓಡಿಸಲೆಂದು ಪೆನಿರಾಯಲ್ ಎಣ್ಣೆ ಲೇಪಿಸಿದ ನಾಯಿಯೊಂದು ಯಕೃತ್ತು ಕೆಟ್ಟು ಸತ್ತ ಸಂಗತಿ 1992ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯಲ್ಲಿ ವರದಿಯಾಯಿತು. ಅಲ್ಲಿಯದೇ ಇನ್ನೊಂದು ಲೆಕ್ಕ 2014ರಲ್ಲಿ ಪ್ರಕಟವಾಯಿತು: ಹತ್ತು ವರ್ಷಗಳಲ್ಲಿ ಶುದ್ಧ ಟೀ ಟ್ರೀ ಎಣ್ಣೆಯಿಂದ ಅಸ್ವಸ್ಥವಾದ ನಾಯಿ ಬೆಕ್ಕುಗಳ 443 ಪ್ರಕರಣಗಳು, ಅವುಗಳಲ್ಲಿ ನಾಯಿಗಳೇ 337. ಜೊಲ್ಲು, ತೂರಾಟ, ನಡುಕ, ನಿಶ್ಶಕ್ತಿ ಇವು ಅದರ ಲಕ್ಷಣಗಳು. ಎಣ್ಣೆ ಸುರಿದ ಕೈಗಳಲ್ಲಿ ಅನೇಕವು ಪ್ರೀತಿಯ ಕೈಗಳೇ ಆಗಿದ್ದುವು ಎಂಬುದನ್ನು ನೆನೆದಾಗ ಮನಸ್ಸು ಕುಗ್ಗುತ್ತದೆ.

ಹಾಗಾದರೆ ಮೊಮ್ಮಗಳ ಮಾತು ಬರಿಯ ಗಾಳಿಮಾತೇ? ಅಲ್ಲ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಅನಾಥ ನಾಯಿಗಳ ಆಶ್ರಯಧಾಮವೊಂದರಲ್ಲಿ 55 ನಾಯಿಗಳ ನಡತೆಯನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ಪರಿಮಳವಿದ್ದಾಗ ನಾಯಿಗಳು ಹೆಚ್ಚು ಹೊತ್ತು ವಿಶ್ರಮಿಸಿದುವು, ಬೊಗಳಿದ್ದು ಕಡಿಮೆ. ರೋಸ್‌ಮೇರಿ ಮತ್ತು ಪೆಪ್ಪರ್‌ಮಿಂಟ್ ಪರಿಮಳಕ್ಕೆ ಅವೇ ನಾಯಿಗಳು ಎದ್ದು ಓಡಾಡಿ ಬೊಗಳಿದುವು. ಮರುವರ್ಷ, ಕಾರಿನಲ್ಲಿ ಕುಳಿತರೆ ಗಲಿಬಿಲಿಗೊಳ್ಳುವ 32 ನಾಯಿಗಳ ಮೇಲಿನ ಇನ್ನೊಂದು ಪರೀಕ್ಷೆಯಲ್ಲಿಯೂ ಲ್ಯಾವೆಂಡರ್ ಹೀಗೆಯೇ ಉಪಕರಿಸಿತು. ಆದರೆ ಇವು ಆಶ್ರಯಧಾಮ ಮತ್ತು ಪ್ರಯಾಣದ ಮಾತು, ಪಟಾಕಿಯ ಮಾತಲ್ಲ. ಎಲ್ಲ ಪರಿಮಳವೂ ಶಾಂತಿಯಲ್ಲ, ಶಾಂತಿ ತರುವ ಪರಿಮಳವೂ ರಾಮಬಾಣವಲ್ಲ. ಅದು ಸಹಾಯಕ ಮಾತ್ರ.

ಇನ್ನು ಮಾತ್ರೆಯ ಪ್ರಶ್ನೆ, ಅಂದರೆ ಪ್ರಮಾಣ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಐವತ್ತು ಅರವತ್ತು ಲಕ್ಷವೆಂದರೆ, ನಾಯಿಯ ಮೂಗಿನಲ್ಲಿ 20 ಕೋಟಿಗೂ ಮಿಗಿಲೆಂದು ಎಣಿಕೆ. ಮನೆಯವರಿಗೆ ‘ಆಹಾ’ ಎನಿಸುವಷ್ಟು ಘಮವು ಅದಕ್ಕೆ ಉಸಿರು ಕಟ್ಟಿಸೀತು. ಆದ್ದರಿಂದ ವೈದ್ಯರು ಒಂದು ಚೀಟಿ ಬರೆದುಕೊಟ್ಟರು. ಮೈಗೆ ಹಚ್ಚಕೂಡದು, ಬಾಯಿಗೆ, ಆಹಾರಕ್ಕೆ, ನೀರಿಗೆ ಬೆರೆಸಕೂಡದು. ಒಂದೇ ಹನಿಯನ್ನು ಹತ್ತಿಗೆ ಹಾಕಿ, ಅದರ ಬಾಯಿಗೆ ಎಟುಕದ ಎತ್ತರದಲ್ಲಿ, ಕೋಣೆಯ ಮೂಲೆಯಲ್ಲಿ ಸ್ವಲ್ಪ ಹೊತ್ತು ಇಡುವುದು. ಒಳಬಾಗಿಲು ತೆರೆದಿರಲಿ, ಬೇಡವೆನಿಸಿದರೆ ಬೇರೆ ಕೋಣೆಗೆ ಎದ್ದುಹೋಗುವ ಸ್ವಾತಂತ್ರ್ಯ ಅದಕ್ಕಿರಬೇಕು. ಸೀನಿದರೆ, ಜೊಲ್ಲು ಸುರಿಸಿದರೆ, ಮುಖ ಉಜ್ಜಿಕೊಂಡರೆ ಕೂಡಲೇ ಹತ್ತಿಯನ್ನು ತೆಗೆದು ಗಾಳಿಯಾಡಿಸುವುದು. ಮರಿಗಳು, ಗಬ್ಬದ ನಾಯಿಗಳು, ಮೂರ್ಛೆರೋಗ ಇಲ್ಲವೆ ಉಬ್ಬಸವುಳ್ಳವು ಇದರಿಂದ ದೂರವಿರಲಿ. ಮನೆಯಲ್ಲಿ ಬೆಕ್ಕು ಅಥವಾ ಪಂಜರದ ಹಕ್ಕಿಯಿದ್ದರಂತೂ ಬೇಡವೇ ಬೇಡ. ಈ ತೈಲಗಳ ಎಷ್ಟೋ ಅಂಶಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ನೀಲಗಿರಿ, ಲವಂಗ, ದಾಲ್ಚಿನ್ನಿ, ಟೀ ಟ್ರೀ ಎಣ್ಣೆಗಳೂ ಕರ್ಪೂರವೂ ಕಪಾಟಿನೊಳಗಿರಲಿ. ಅಕಸ್ಮಾತ್ ನೆಕ್ಕಿದರೆ ವಾಂತಿ ಮಾಡಿಸುವ ಸಾಹಸ ಬೇಡ. ಸೀಸೆಯನ್ನೂ ನಾಯಿಯನ್ನೂ ಕರೆದುಕೊಂಡು ವೈದ್ಯರಲ್ಲಿಗೆ ಓಡುವುದು.

ಚೀಟಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: “ಹಬ್ಬದ ದಿನವೇ ಮೊದಲು ಮಾಡಬೇಡಿ.” ಭಯದ ಗಳಿಗೆಯಲ್ಲೇ ಪರಿಚಯವಾದ ವಾಸನೆ ಭಯದ ವಾಸನೆಯಾಗಿ ಉಳಿದೀತು. ಆದ್ದರಿಂದ ಮೂರು ವಾರ ದಿನವೂ ಸಂಜೆ, ಬೀದಿ ಶಾಂತವಾಗಿರುವಾಗ, ಮೂಲೆಯಲ್ಲಿ ಹತ್ತಿ, ಚಾಪೆಯ ಮೇಲೆ ಮೋತಿ, ಪಕ್ಕದಲ್ಲಿ ಪತ್ರಿಕೆ ಓದುವ ಪೋಸ್ಟ್‌ಮಾಸ್ಟರರು. ಆ ಪರಿಮಳವೆಂದರೆ ಯಜಮಾನರು ಹತ್ತಿರವಿರುವ ಹೊತ್ತು ಎಂದು ಮೋತಿ ಕಲಿತುಕೊಂಡಿತು.

ಹಬ್ಬ ಬಂದಿತು. ಕಿಟಕಿಗಳನ್ನು ಮುಚ್ಚಿ, ದಪ್ಪ ಪರದೆ ಎಳೆದು, ರೇಡಿಯೋ ಹಚ್ಚಿ, ನಡುಮನೆಯ ಒಳಕೋಣೆಯಲ್ಲಿ ಚಾಪೆ ಹಾಸಿದ್ದಾಯಿತು. ಮೋತಿ ನಡುಗಲಿಲ್ಲವೆಂದರೆ ಸುಳ್ಳಾದೀತು. ನಡುಗಿತು, ಏದುಸಿರು ಬಿಟ್ಟಿತು, ಬಾಲವನ್ನು ಹೊಟ್ಟೆಗೆ ಸೇರಿಸಿಕೊಂಡಿತು. ಆದರೆ ಹಗ್ಗವಿಲ್ಲದೆಯೂ ಓಡಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಯಜಮಾನರ ಪಾದದ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು. ಬೀದಿಯಲ್ಲಿ ಮೊಮ್ಮಕ್ಕಳ ಸಂಭ್ರಮ ನೋಡಬೇಕೆಂಬ ಆಸೆ ಅವರಿಗೂ ಇತ್ತು. ಕಾಲು ಕದಲಿಸಲು ಮನಸ್ಸು ಬರಲಿಲ್ಲ.

ಶಾಂತಿಯನ್ನು ತಂದದ್ದು ಲ್ಯಾವೆಂಡರೋ, ಮುಚ್ಚಿದ ಕಿಟಕಿಯೋ, ಪಕ್ಕದಲ್ಲಿದ್ದ ಪಾದವೋ ಎಂದು ಬಿಡಿಸಿ ಹೇಳುವುದು ಕಷ್ಟ. ಇಷ್ಟಕ್ಕೂ ಶಮನವಾಗದ ಭಯಕ್ಕೆ ಪಶುವೈದ್ಯರಲ್ಲಿ ಬೇರೆ ಔಷಧಗಳಿವೆ, ಕೇಳಲು ಸಂಕೋಚಪಡಬೇಕಾಗಿಲ್ಲ. ಪ್ರೀತಿಯುಳ್ಳವರ ದೋಷವೆಂದರೆ ಧಾರಾಳ. ಒಂದು ಹನಿ ಒಳ್ಳೆಯದಾದರೆ ಹತ್ತು ಹನಿ ಹತ್ತರಷ್ಟು ಒಳ್ಳೆಯದೆಂಬ ಲೆಕ್ಕ. ಮಾತು ಬಾರದ ಪ್ರಾಣಿಯ ವಿಷಯದಲ್ಲಿ ಈ ಲೆಕ್ಕ ಅಪಾಯಕರ. ಸಾಕೆಂದು ಹೇಳಲು ಅದಕ್ಕೆ ಬಾಯಿಲ್ಲ. ಅದರ ಮೂಗಿನ ಅಳತೆಗೆ ತನ್ನ ಕೈಯನ್ನು ಬಿಗಿಹಿಡಿದವನೇ ನಿಜವಾದ ಯಜಮಾನ. ಹನಿಯಲ್ಲಿ ಜಿಪುಣನಾಗಿ, ಹೊತ್ತಿನಲ್ಲಿ ಉದಾರಿಯಾದರೆ ಸಾಕು. ನಾಯಿ ಅಷ್ಟನ್ನೇ ಬೇಡುತ್ತದೆ.