ಅಳಿಯದ ಗುರುತು

ಹಿಂದಿನ ಕಾಲದ ಮಡಿವಾಳನು ಕರಿಗೇರಿನ ರಸದಿಂದ ಬಟ್ಟೆಯ ಅಂಚಿನಲ್ಲಿ ಸಣ್ಣದೊಂದು ಗುರುತು ಹಾಕುತ್ತಿದ್ದನು. ಎಷ್ಟು ಒಗೆದರೂ ಅದು ಅಳಿಯದು. ನೂರು ಮನೆಗಳ ಬಟ್ಟೆ ಒಂದೆಡೆ ಬೆರೆತರೂ ಯಾವುದು ಯಾರದೆಂದು ಅವನು ನೋಡಿದೊಡನೆ ಹೇಳುತ್ತಿದ್ದನು. ದೇಹದ ಕೋಟ್ಯಂತರ ಜೀವಕೋಶಗಳಲ್ಲಿ ಹೊಸತಾವುದೆಂದು ಅರಿಯಲು ವಿಜ್ಞಾನಿಗಳು ಹಿಡಿದ ಹಾದಿಯೂ ಇಂಥದೇ.

ಕೋಶವು ಎರಡಾಗುವ ಮುನ್ನ ತನ್ನ ಡಿ.ಎನ್.ಎ.ಗೆ ಪಡಿಯಚ್ಚು ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಮಗ್ರಿಗಳಲ್ಲಿ ಥೈಮಿಡಿನ್ ಒಂದು. ಅದನ್ನೇ ಹೋಲುವ ಬ್ರೋಮೋಡಿಆಕ್ಸಿಯೂರಿಡಿನ್ ಎಂಬ ವಸ್ತುವನ್ನು ರಕ್ತಕ್ಕೆ ಸೇರಿಸಿದರೆ, ಕೆಲಸದ ಭರದಲ್ಲಿರುವ ಕೋಶವು ಭೇದವರಿಯದೆ ಅದನ್ನೂ ಪೋಣಿಸಿಕೊಳ್ಳುತ್ತದೆ. 1982ರಲ್ಲಿ ಹೊವಾರ್ಡ್ ಗ್ರಾಟ್ಸ್‌ನರ್ ಎಂಬ ವಿಜ್ಞಾನಿಯು ಈ ವಸ್ತುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯವನ್ನು ಲೋಕಕ್ಕೆ ತಿಳಿಸಿದನು. ಡಿ.ಎನ್.ಎ.ಯ ಜೋಡಿ ಎಳೆಗಳನ್ನು ಆಮ್ಲದಿಂದ ಬಿಡಿಸಿ, ಹೊಳೆಯುವ ಬಣ್ಣದೊಡನೆ ಪ್ರತಿಕಾಯವನ್ನು ಹಾಯಿಸಿದರೆ ಗುರುತುಗೊಂಡ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಬೆಳಗುತ್ತವೆ. ಅದಕ್ಕೆ ಮೊದಲು ವಿಕಿರಣ ಸೂಸುವ ಥೈಮಿಡಿನ್ ಬಳಸಿ, ಛಾಯಾಲೇಪದ ಮೇಲೆ ಅದರ ಚುಕ್ಕೆ ಮೂಡಲು ವಾರಗಟ್ಟಲೆ ಕಾಯಬೇಕಾಗಿತ್ತು.

ಬೆಳೆದ ಮನುಷ್ಯನ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟದೆಂಬುದು ಬಹುಕಾಲದ ನಂಬಿಕೆಯಾಗಿತ್ತು. ಪರೀಕ್ಷಿಸುವುದು ಹೇಗೆ? ಬದುಕಿರುವಾಗ ಗುರುತು ಹಾಕಬೇಕು, ನೋಡುವುದು ಮರಣಾನಂತರವೇ.

ಸ್ವೀಡನ್ನಿನಲ್ಲಿ ಕೆಲವು ಕ್ಯಾನ್ಸರ್ ರೋಗಿಗಳಿಗೆ ಇದೇ ವಸ್ತುವನ್ನು ಕೊಡಲಾಗಿತ್ತು. ಗಡ್ಡೆಯು ಎಷ್ಟು ವೇಗವಾಗಿ ಬೆಳೆಯುತ್ತಿದೆಯೆಂದು ಅಳೆಯುವುದೇ ಅದರ ಉದ್ದೇಶ. ಗಾಟೆನ್‌ಬರ್ಗ್ ನಗರದ ವೈದ್ಯ ಪೀಟರ್ ಎರಿಕ್ಸನ್ನನಿಗೆ ಹೊಳೆದುದು ಇಲ್ಲಿಯೇ. ರೋಗವನ್ನು ಅಳೆಯಲು ಹಾಕಿದ ಗುರುತು ಮಿದುಳಿಗೂ ತಲುಪಿರಬೇಕಲ್ಲವೆ? ಆತನು ಆ ರೋಗಿಗಳ ಒಪ್ಪಿಗೆ ಬೇಡಿದನು. ಸಾವಿನ ಹೊಸ್ತಿಲಲ್ಲಿ ನಿಂತವರ ಮುಂದೆ ಅಂಥ ಮಾತನ್ನೆತ್ತುವುದು ಸುಲಭವಲ್ಲ. ಒಪ್ಪುವುದು ಇನ್ನೂ ಕಷ್ಟ. ಆದರೂ ಅವರು ಒಪ್ಪಿದರು.

ಅವರಲ್ಲಿ ಐವರು ತೀರಿಕೊಂಡ ಮೇಲೆ, ನೆನಪಿಗೆ ನೆಲೆಯಾದ ಹಿಪ್ಪೊಕ್ಯಾಂಪಸ್ ಭಾಗವನ್ನು ಎರಿಕ್ಸನ್ನನೂ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ಫ್ರೆಡ್ ಗೇಜನೂ ಸಂಗಡಿಗರೊಡನೆ ಪರೀಕ್ಷಿಸಿದರು. 1998ರಲ್ಲಿ ಫಲಿತಾಂಶ ಹೊರಬಂದಿತು. ಐವರಲ್ಲಿಯೂ ಗುರುತುಹೊತ್ತ ನರಕೋಶಗಳಿದ್ದವು!

ವಾದ ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ, ಬೇರೆ ಗುರುತುಗಳನ್ನು ನೆಚ್ಚಿ, ಒಂದು ತಂಡ ‘ಹುಟ್ಟು ಕಾಣದು’ ಎಂದರೆ ಮತ್ತೊಂದು ‘ಮುಪ್ಪಿನಲ್ಲಿಯೂ ಉಂಟು’ ಎಂದಿತು. ವಿಜ್ಞಾನದ ನಡಿಗೆಯೇ ಹಾಗೆ.

ಗಡ್ಡೆಯ ಕೋಶಕ್ಕೂ ಮಿದುಳಿನ ಎಳೆಯ ಕೋಶಕ್ಕೂ ಬಿದ್ದುದು ಒಂದೇ ಗುರುತು. ದೇಹವು ಒಂದು ಕಡೆ ಸೋಲುತ್ತಿದ್ದಾಗ ಮತ್ತೊಂದು ಕಡೆ ಸದ್ದಿಲ್ಲದೆ ಹೊಸತನ್ನು ಕಟ್ಟುತ್ತಿತ್ತು. ಆ ಸಂಗತಿಯನ್ನು ಕೇಳಲು ಮಾತ್ರ ಆ ಐವರು ಉಳಿದಿರಲಿಲ್ಲ.