ಪುಟ್ಟಿಯ ಕೆಳಗೆ ಸಿಕ್ಕಿದ್ದು

ನಮ್ಮ ಮನೆಯ ಫಿಯೆಟ್ ಕಾರು 11 ವರ್ಷ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. 1970ರ ಡಿಲೈಟ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಇದೇ ಕಾರಿಗೆ ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬಂತು. ತೆಗೆದುಕೊಂಡದ್ದು ಅಜ್ಜ, ಓಡಿಸಿದ್ದು ಅಪ್ಪ. ಅಪ್ಪ ಹೋದ ಮೇಲೆ ಯಾರೂ ಮುಟ್ಟಲಿಲ್ಲ. ಉಡುಪಿಯ ಮಳೆ, ಕಡಲ ಉಪ್ಪುಗಾಳಿ ಸೇರಿ ಅದರ ಮೈಯನ್ನು ತಿಂದುಹಾಕಿದ್ದವು. ತಮ್ಮ "ಗುಜರಿಗೆ ಕೊಟ್ಟುಬಿಡುವ" ಅಂದ. ನಾನೇ "ಒಂದು ವರ್ಷ ಟೈಮ್ ಕೊಡು ಮಾರಾಯ" ಅಂದೆ.

ಬ್ಯಾಂಕಿನಲ್ಲಿ ಲೆಕ್ಕ ನೋಡುವವಳಿಗೆ ತಗಡಿನ ಕೆಲಸ ಎಂತ ಗೊತ್ತು? ಒಂದು ಭಾನುವಾರ ಪುಟ್ಟಿ ಡಬ್ಬ ತಂದು ತೂತುಗಳಿಗೆಲ್ಲ ಮೆತ್ತಿ, ಮೇಲೆ ಬಣ್ಣ ಬಳಿದೆ. ಚಂದ ಕಂಡಿತು. ಮೊದಲ ನಾಲ್ಕು ಮಳೆಗೇ ಗುಳ್ಳೆ ಎದ್ದಿತು. ಆಮೇಲೆ ಟಿಂಕರಿಂಗ್ ಮಾಡುವ ಹಿರಿಯರೊಬ್ಬರನ್ನು ಕರೆಸಿದೆ. ಅವರು ಕಿಸೆಯಿಂದ ಸಣ್ಣ ಅಯಸ್ಕಾಂತ ತೆಗೆದು, ಬಟ್ಟೆ ಸುತ್ತಿ, ಕಾರಿನ ಮೈಮೇಲೆಲ್ಲ ಓಡಿಸಿದರು. ತಗಡು ಇದ್ದಲ್ಲಿ ಹಿಡಿಯುತ್ತದೆ, ಪುಟ್ಟಿ ದಪ್ಪ ಇದ್ದಲ್ಲಿ ಜಾರುತ್ತದೆ.

"ಪುಟ್ಟಿ ನೀರು ಕುಡೀತದೆ ಅಕ್ಕಾ. ತುಕ್ಕನ್ನು ಕತ್ತರಿಸಿ ತೆಗೀಬೇಕು, ಮುಚ್ಚುದಲ್ಲ."

ಫಿಯೆಟ್‌ಗೆ ಬೇರೆ ಚಾಸಿ ಇಲ್ಲ, ಮೈಯೇ ಭಾರ ಹೊರುವುದು ಅಂತ ಗೊತ್ತಾದದ್ದು ಆಗಲೇ. ಬಾಗಿಲ ಕೆಳಗೆ ಪೆಟ್ಟಿಗೆ ಹಾಗೆ ಉದ್ದಕ್ಕೆ ಹೋಗುವ ಅಂಚು ಉಂಟಲ್ಲ, ಅದನ್ನು ಆಧಾರ ಕೊಡದೆ ಕತ್ತರಿಸಿದರೆ ಕಾರು ನಡುವೆ ಬಾಗಿ, ಮತ್ತೆ ಬಾಗಿಲು ಹಾಕಲಿಕ್ಕೇ ಬರುವುದಿಲ್ಲ. ಹಾಗಾಗಿ ಅಡಿಗೆ ಮರದ ದಿಮ್ಮಿ ಕೊಟ್ಟು, ಬಾಗಿಲ ಸಂದು ಅಳೆದು ಬರೆದಿಟ್ಟು, ಒಂದು ಬದಿ ಮುಗಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಿದೆವು. ಹೊಸ ತಗಡು 20 ಗೇಜಿನದ್ದು. ಅವರು ವೆಲ್ಡಿಂಗ್ ಒಂದೇ ಸಮನೆ ಎಳೆಯುತ್ತಿರಲಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ಇಲ್ಲದಿದ್ದರೆ ಕಾವಿಗೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದಂತೆ. ಉಜ್ಜುವ ಕೆಲಸ ನನ್ನದು ಮತ್ತು ಮಗನದ್ದು. ರಜೆಯ ದಿನಗಳೆಲ್ಲ ವಾಟರ್ ಪೇಪರಿನಲ್ಲೇ ಕಳೆದವು, ಬೆರಳ ತುದಿಯ ಚರ್ಮ ಹೋಯಿತು.

ಅಯಸ್ಕಾಂತ ಜಾರಿದ ಇನ್ನೊಂದು ಜಾಗ ಹಿಂದಿನ ಎಡ ಮಡ್‌ಗಾರ್ಡ್. ಅಲ್ಲಿ ನಾನು ಪುಟ್ಟಿ ಹಚ್ಚಿಯೇ ಇರಲಿಲ್ಲ. "ನನ್ನ ಗಾಡಿಗೆ ಒಂದು ಗೀರೂ ಬಿದ್ದಿಲ್ಲ" ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದದ್ದು! ಕೆರೆದರೆ ಬೆರಳು ದಪ್ಪದ ಹಳೇ ಪುಟ್ಟಿ, ಅದರ ಕೆಳಗೆ ಊಟದ ಬಟ್ಟಲಿನಷ್ಟು ದೊಡ್ಡ ತಗ್ಗು.

ಜಗಲಿಯಲ್ಲಿ ಕುಳಿತು ಬಸಳೆ ಸೋಸುತ್ತಿದ್ದ ಅಮ್ಮ ತಲೆ ಎತ್ತದೆ, "ಅದು ನಾನು" ಅಂದಳು.

1981ರಲ್ಲಿ ಅಪ್ಪ ಅವಳಿಗೆ ಡ್ರೈವಿಂಗ್ ಹೇಳಿಕೊಡಲು ಶುರು ಮಾಡಿದ್ದರಂತೆ. ನಾಲ್ಕನೇ ದಿನ ರಿವರ್ಸ್ ತೆಗೆಯುವಾಗ ಗೇಟಿನ ಮುರಕಲ್ಲ ಕಂಬಕ್ಕೆ ಹೊಡೆದದ್ದು. ಅಜ್ಜ ಊರಿಂದ ಬರುವುದರೊಳಗೆ ಪುಟ್ಟಿ, ಬಣ್ಣ ಎಲ್ಲ ಆಗಿತ್ತು.

"ಮತ್ತೆ ಕಲೀಲಿಲ್ವಾ? ಅಪ್ಪ ಬೇಡ ಅಂದ್ರಾ?"

"ಬೇಡ ಅನ್ಲಿಲ್ಲ. ಬಾ, ಕಲಿ ಅಂತಲೂ ಹೇಳ್ಲಿಲ್ಲ."

ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅಮ್ಮನಿಗೆ ಸಿಟ್ಟಿತ್ತೋ ಇಲ್ಲವೋ, ಕೇಳಲಿಕ್ಕೆ ಧೈರ್ಯ ಸಾಲಲಿಲ್ಲ.

ತಗ್ಗನ್ನು ಒಳಗಿನಿಂದ ಬಡಿದು ಎತ್ತಲಿಕ್ಕೆ ಎರಡು ದಿನ ಹಿಡಿಯಿತು. ಹೊರಗೆ ಕಬ್ಬಿಣದ ಗಟ್ಟಿ ಹಿಡಿಯುವುದು, ಒಳಗೆ ಸುತ್ತಿಗೆಯ ಮೆಲ್ಲನೆಯ ಏಟು. ಪೂರ್ತಿ ಸಮ ಆಗಲಿಲ್ಲ, ತೆಳ್ಳಗೆ ಪುಟ್ಟಿ ಬೇಕೇ ಆಯಿತು. ಅದನ್ನು ಉಜ್ಜಿದ್ದು ಅಮ್ಮ, ನನ್ನ ಕೈಯಿಂದ ಪೇಪರ್ ಕಿತ್ತುಕೊಂಡು.

ಈಗ ಪ್ರೈಮರ್‌ವರೆಗೆ ಬಂದಿದೆ. ಪ್ರೈಮರ್ ಕೂಡ ನೀರು ತಡೆಯುವುದಿಲ್ಲ, ಅದಕ್ಕೇ ಶೆಡ್ಡಿನ ಒಳಗೂ ಟಾರ್ಪಾಲು. ತೇವದ ಹವೆಯಲ್ಲಿ ಎನ್.ಸಿ. ಪೇಂಟ್ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ ಅಂತ ದೀಪಾವಳಿ ಕಳೆಯುವುದನ್ನು ಕಾಯುತ್ತಿದ್ದೇವೆ. 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಅಂತ ನೋಂದಾಯಿಸಲು 2021ರಲ್ಲಿ ನಿಯಮ ಬಂದಿದೆ, ಅದನ್ನು ತಮ್ಮ ವಿಚಾರಿಸುತ್ತಿದ್ದಾನೆ. ಗುಜರಿ ಅಂದವನೇ ಅವನು!

ಮೊನ್ನೆ ಸಂಜೆ ಶೆಡ್ಡಿಗೆ ಹೋದರೆ ಟಾರ್ಪಾಲು ಅರ್ಧ ಸರಿದಿತ್ತು. 73ರ ಅಮ್ಮ ಡ್ರೈವರ್ ಸೀಟಿನಲ್ಲಿ, ನನ್ನ ಮಗ ಪಕ್ಕದಲ್ಲಿ.

"ಮಗಾ, ಇದ್ರಲ್ಲಿ ರಿವರ್ಸ್ ಎಲ್ಲಿ ಬರ್ತದೆ?" ಅಂತ ಕೇಳುತ್ತಿದ್ದಳು.