ಮೊಲದ ಋಣ



ಕಾಲರಾ ರೋಗದ ಪಾಠ ಮಾಡುವಾಗ ನಾವು ಶಿಕ್ಷಕರು ತಪ್ಪದೇ ಹೇಳುವ ಹೆಸರು ರಾಬರ್ಟ್ ಕಾಕ್ ಅವರದು. 1884ರಲ್ಲಿ ಕಲ್ಕತ್ತೆಯಲ್ಲಿ ಆ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ ಮಹನೀಯರು ಅವರು. ಆದರೆ ಅದೇ ಕಲ್ಕತ್ತೆಯಲ್ಲಿ ದುಡಿದ ಶಂಭುನಾಥ ಡೇ ಅವರ ಹೆಸರನ್ನು ಬಲ್ಲವರು ವಿರಳ. ಅವರೊಡನೆ ನೆನೆಯಬೇಕಾದ ಇನ್ನೊಂದು ಜೀವಿ ಮೊಲ.

ನಮ್ಮ ಅಜ್ಜಿ ದೀಪ ಹಚ್ಚಿದ ಮೇಲೆ 'ವಾಂತಿಭೇದಿ' ಎಂಬ ಪದವನ್ನು ಉಚ್ಚರಿಸುತ್ತಿರಲಿಲ್ಲ. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಯ ಹೊತ್ತಿಗೆ ಇಲ್ಲವಾಗುತ್ತಿದ್ದುದನ್ನು ಕಂಡ ಪೀಳಿಗೆ ಅದು. ರೋಗಾಣುವೊಂದು ದೇಹದ ನೀರನ್ನೆಲ್ಲ ಹೇಗೆ ಬಸಿದುಬಿಡುತ್ತದೆ ಎಂಬುದು ಕಾಕ್ ಅವರ ನಂತರವೂ ದಶಕಗಳ ಕಾಲ ಒಗಟಾಗಿಯೇ ಉಳಿದಿತ್ತು. ಪ್ರಾಣಿಗಳ ರಕ್ತಕ್ಕೋ ಉದರಕ್ಕೋ ರೋಗಾಣುವನ್ನು ಚುಚ್ಚಿದರೆ ಅವು ಸಾಯುತ್ತಿದ್ದವು. ಆದರೆ ಮನುಷ್ಯರಿಗೆ ಆಗುವಂತಹ ಭೇದಿ ಆಗುತ್ತಿರಲಿಲ್ಲ.

ಡೇ ಅವರು ಪ್ರಶ್ನೆಯನ್ನು ಕರುಳಿಗೇ ಕೇಳಿದರು. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಕ್ಕೆ ರೋಗಾಣುಗಳನ್ನು ಸೇರಿಸಿದರು. ಆ ತುಂಡು ನೀರು ತುಂಬಿ ಊದಿಕೊಂಡಿತು. ಈ ವಿಧಾನವನ್ನು ಅವರು 1953ರಲ್ಲಿ ಪ್ರಕಟಿಸಿದರು. ಮುಂದೆ ರೋಗಾಣುಗಳನ್ನೆಲ್ಲ ಸೋಸಿ ತೆಗೆದ ದ್ರವವನ್ನು ಮಾತ್ರ ಬಳಸಿದಾಗಲೂ ಕರುಳು ಹಾಗೆಯೇ ಊದಿತು. ಅಂದರೆ ಅಪರಾಧಿ ರೋಗಾಣು ಸ್ರವಿಸುವ ವಿಷ! 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಸಂಗತಿ ಅಚ್ಚಾಯಿತು. 1985ರಲ್ಲಿ ತೀರಿಕೊಂಡ ಡೇ ಅವರಿಗೆ ನೊಬೆಲ್ ಬಹುಮಾನ ಬರಲಿಲ್ಲ.

ಈ ಪ್ರಸಂಗವನ್ನು ಒಮ್ಮೆ ತರಗತಿಯಲ್ಲಿ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಆ ಮೊಲ ನಮಗೇನು ಮಾಡಿತ್ತು?" ಎಂದಳು. ಉಳಿದ ಜೀವಗಳ ಲೆಕ್ಕವನ್ನು ನಾನು ಹೇಳಿದೆ. ಅವಳು ಕುಳಿತಳು, ಪ್ರಶ್ನೆ ಮಾತ್ರ ಕುಳಿತುಕೊಳ್ಳಲಿಲ್ಲ.

'ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆ ನಮ್ಮಲ್ಲಿದೆ. ಪ್ರಯೋಗಾಲಯವು ಆಟದ ಅಂಗಳವಾಗಬಾರದು. ಕಾಕತಾಳೀಯವೋ ಏನೋ, ಅದೇ 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಮೂರು ಸೂತ್ರಗಳನ್ನು ಮುಂದಿಟ್ಟರು: ಸಾಧ್ಯವಿದ್ದರೆ ಪ್ರಾಣಿಯ ಬದಲು ಬೇರೆ ಮಾರ್ಗ ಹಿಡಿಯಿರಿ, ಸಂಖ್ಯೆಯನ್ನು ತಗ್ಗಿಸಿರಿ, ನೋವನ್ನು ಕಡಿಮೆ ಮಾಡಿರಿ. ಪ್ರಾಣಿಯ ಉತ್ತರವೇ ಕೊನೆಯ ಉತ್ತರವೂ ಅಲ್ಲ. ಕಾಲರಾ ವಿಷವನ್ನು ನಿರ್ವಿಷಗೊಳಿಸಿ ತಯಾರಿಸಿದ ಚುಚ್ಚುಮದ್ದು ಪ್ರಾಣಿಗಳಲ್ಲಿ ಭರವಸೆ ಮೂಡಿಸಿತ್ತು. 1974ರಲ್ಲಿ ಬಾಂಗ್ಲಾದೇಶದ ಮತ್ಲಾಬ್‌ನಲ್ಲಿ ಜನರಿಗೆ ಕೊಟ್ಟಾಗ ಅದರಿಂದ ದೊರೆತ ರಕ್ಷಣೆ ಅತ್ಯಲ್ಪ.

ಹಾಗೆಂದು ಮೊಲದ ಬಲಿ ವ್ಯರ್ಥವಾಯಿತೇ? ಇಲ್ಲ. ಆ ವಿಷಕ್ಕೆ ಎರಡು ಭಾಗಗಳಿವೆ. ಒಂದು ಕರುಳಿನ ಗೋಡೆಗೆ ಅಂಟಿಕೊಳ್ಳುವ ನಿರುಪದ್ರವಿ ಭಾಗ, ಇನ್ನೊಂದು ಹಾನಿ ಮಾಡುವ ಭಾಗ. ಅಂಟಿಕೊಳ್ಳುವ ಭಾಗವನ್ನು ಸತ್ತ ರೋಗಾಣುಗಳೊಡನೆ ಬೆರೆಸಿದ, ಬಾಯಿಯ ಮೂಲಕ ಕುಡಿಯುವ ಲಸಿಕೆಯನ್ನು 1985ರಲ್ಲಿ ಅದೇ ಮತ್ಲಾಬ್‌ನಲ್ಲಿ ಪರೀಕ್ಷಿಸಲಾಯಿತು. ಅದು ಫಲ ನೀಡಿತು. ಶತ್ರು ಕರುಳಿನಲ್ಲಿದ್ದರೆ ಕಾವಲೂ ಅಲ್ಲಿಯೇ ಇರಬೇಕು ಎಂಬ ವಿವೇಕ ಅದರ ಹಿಂದಿತ್ತು.

ಋಣವನ್ನು ತೀರಿಸಲು ಆಗದಿದ್ದರೂ ಒಪ್ಪಿಕೊಳ್ಳಲು ಸಾಧ್ಯ. ಇಂದು ವಿಜ್ಞಾನ ಬೋಧಿಸುತ್ತಿರುವ ಕಿರಿಯ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಕಾಕ್ ಅವರ ಜೊತೆಗೆ ಡೇ ಅವರನ್ನೂ ಹೇಳಿರಿ, ಡೇ ಅವರ ಜೊತೆಗೆ ಮೊಲವನ್ನೂ ಹೇಳಿರಿ. ಯಾರಾದರೂ ಎದ್ದು ನಿಂತು ಪ್ರಶ್ನೆ ಕೇಳಿದರೆ, ಗಂಟೆ ಬಾರಿಸಿತೆಂದು ಅವಸರದಿಂದ ಪುಸ್ತಕ ಮುಚ್ಚಬೇಡಿರಿ.